ಇಪ್ಪತ್ತು ನಿಮಿಷದ ಚಿಲಕ

ಅಮೆರಿಕದಲ್ಲಿ ಮೂರು ವರ್ಷ ಇದ್ದು ಬಂದ ವಿಶ್ವಜಿತ್ ಪಾಲಕರ ಸಭೆಯಲ್ಲಿ ಎದ್ದು ನಿಂತು ಆ ಒಂದು ಪ್ರಶ್ನೆ ಕೇಳದಿದ್ದರೆ ಪ್ರಾಣೇಶನ ಬಾಳು ತನ್ನ ಪಾಡಿಗೆ ತಾನು ಸಾಗುತ್ತಿತ್ತು. ಶಾಲೆಯೊಳಗೆ ಯಾರಾದರೂ ದುಷ್ಟ ನುಗ್ಗಿದರೆ ನಿಮ್ಮ ಏರ್ಪಾಡೇನು ಎಂದು ಆತ ಕೇಳಿದ. ಅಲ್ಲಿನ ಶಾಲೆಗಳಲ್ಲಿ ಇದಕ್ಕೆಂದೇ ಬಾಗಿಲು ಹಾಕಿಕೊಂಡು ಅಡಗಿ ಕೂರುವ ಲಾಕ್‌ಡೌನ್ ಡ್ರಿಲ್ ಮಾಡಿಸುತ್ತಾರಂತೆ. ಕಂಪ್ಯೂಟರ್ ಕಂಪನಿಗಳ ಹೈಟೆಕ್ ಸಿಟಿ ಊರಿಗೆಲ್ಲ ಹೊಸ ಹೊಸ ಪದ ಹಂಚುತ್ತಿದ್ದ ಕಾಲವಾದರೂ ಈ ಪದ ಶಾಲೆಯಿದ್ದ ತಾರ್ನಾಕದ ತನಕ ಇನ್ನೂ ಬಂದಿರಲಿಲ್ಲ.

ಶಾಲೆಯ ಒಡತಿ ಗುರುದೇವಿ ಮೇಡಂ ಸುತ್ತ ಒಮ್ಮೆ ಕಣ್ಣಾಡಿಸಿದರು. ಅನುಭವಸ್ಥ ಶಿಕ್ಷಕರೆಲ್ಲ ನೆಲ ನೋಡಿದರು. ಹನ್ನೊಂದು ವರ್ಷದಿಂದ ಸಮಾಜ ವಿಜ್ಞಾನ ಕಲಿಸುತ್ತಿದ್ದ ಪ್ರಾಣೇಶ ಒಬ್ಬನೇ ಮೇಡಂ ಮುಖ ನೋಡಿಬಿಟ್ಟ. ವೈಸ್ ಪ್ರಿನ್ಸಿಪಾಲರ ಕುರ್ಚಿ ಎರಡು ವರ್ಷದಿಂದ ಖಾಲಿ ಇತ್ತು, ಅದರ ಮೇಲೆ ಅವನ ಕಣ್ಣಿರುವುದು ಶಾಲೆಯ ಬೆಕ್ಕಿಗೂ ಗೊತ್ತಿತ್ತು.

“ಇದೊಂದು ಚಂದಾಗಿ ಮಾಡಿ ತೋರಸ್ರಿ ಮಾಸ್ತರ. ಇಪ್ಪತ್ತು ನಿಮಿಷ ಒಂದೂ ಬಾಗಲಾ ತೆರೀಬಾರದು. ಆಮ್ಯಾಲೆ ಆ ಕುರ್ಚಿ ನಿಮ್ಮದ,” ಎಂದರು ಮೇಡಂ.

ಪ್ರಾಣೇಶ ಹದಿನೈದು ದಿನ ಕೂತು ನಿಯಮ ಬರೆದ. ಉದ್ದನೆಯ ಗಂಟೆ ಬಾರಿಸಿದ ಕೂಡಲೇ ಚಿಲಕ ಹಾಕಬೇಕು, ದೀಪ ಆರಿಸಬೇಕು, ಮಕ್ಕಳು ಕಿಟಕಿಯ ಕೆಳಗೆ ತುಟಿಪಿಟಕ್ಕೆನ್ನದೆ ಕೂರಬೇಕು. ಹೊರಗಿನಿಂದ ಪೊಲೀಸರು ಕರೆದರೂ ಅಷ್ಟೆ, ಸ್ವತಃ ಮೇಡಂ ಕರೆದರೂ ಅಷ್ಟೆ, ಮತ್ತೆ ಮೂರು ಸಲ ಗಂಟೆ ಕೇಳುವ ತನಕ ಬಾಗಿಲು ತೆರೆಯಕೂಡದು. ಈ ನಿಯಮ ಆಫೀಸಿನ ಕೋಣೆಗೂ ಅನ್ವಯಿಸುತ್ತದೆ ಎಂದು ಕೆಂಪು ಮಸಿಯಲ್ಲಿ ಬರೆದು, ಅಡಿಗೆರೆ ಎಳೆದು, ಎಲ್ಲ ಗೋಡೆಗೂ ಅಂಟಿಸಿದ. ದುಷ್ಟನ ಪಾತ್ರವನ್ನು ವಿಶ್ವಜಿತನೇ ವಹಿಸಿಕೊಂಡ. ಯಾವ ದಿನ ಎಂಬುದನ್ನು ಅವರಿಬ್ಬರು ಮತ್ತು ಮೇಡಂ ತಮ್ಮ ನಡುವೆಯೇ ಇಟ್ಟುಕೊಂಡರು.

ಆದರೆ ದೊಡ್ಡ ತೊಡಕು ಅವನ ಮನೆಯಲ್ಲೇ ಇತ್ತು. ಅವನ ತಾಯಿ ಕೃಷ್ಣಾಬಾಯಿ ದಿನಾ ಮಧ್ಯಾಹ್ನ ಹನ್ನೆರಡೂವರೆಗೆ ಬಿಸಿ ಡಬ್ಬಿ ಹಿಡಿದು ಶಾಲೆಗೆ ಬರುತ್ತಿದ್ದರು. ಮಗನಿಗೆ ಜೋಳದ ರೊಟ್ಟಿ, ಎಣ್ಣೆಗಾಯಿ; ಜೊತೆಗೆ ಎಲ್ಲ ಶಿಕ್ಷಕರಿಗೆ ಸಾಲುವಷ್ಟು ಶೇಂಗಾ ಚಟ್ನಿ. ಆಕೆ ಬಾಗಿಲು ತಟ್ಟಿದರೆ ತೆರೆಯದ ಕೋಣೆ ಆ ಶಾಲೆಯಲ್ಲಿ ಇರಲಿಲ್ಲ. ಡ್ರಿಲ್ಲಿನ ದಿನ ಬೆಳಿಗ್ಗೆ ಪ್ರಾಣೇಶ ತಾಯಿಗೆ, ಇವತ್ತು ಡಬ್ಬಿ ಬೇಡ, ಹೋಟೆಲಿನಲ್ಲಿ ಉಣ್ಣುತ್ತೇನೆ ಎಂದ. ಯಾಕೆ ಎಂದು ಕೇಳದೆ ಆಕೆ “ಆತು” ಎಂದರು. ಅವನ ನಲವತ್ತಾರು ವರ್ಷದ ಬಾಳಿನಲ್ಲಿ ಆಕೆ ಮರುಮಾತಾಡದೆ ಒಪ್ಪಿದ್ದು ಅದೇ ಮೊದಲು, ಅಲ್ಲೇ ಅವನಿಗೆ ಅನುಮಾನ ಬರಬೇಕಿತ್ತು.

ಅನುಮಾನಕ್ಕೆ ಪುರುಸೊತ್ತೆಲ್ಲಿ? ಹತ್ತು ಗಂಟೆಗೆ ನಾಲ್ಕನೇ ತರಗತಿಯ ಚಿಲಕ ಕೈಗೇ ಕಿತ್ತು ಬಂತು. ಬಡಗಿ ಫೋನ್ ಎತ್ತಲಿಲ್ಲ. ಪ್ರಾಣೇಶ ಗೋಡೆಗೆ ಹಣೆ ಹಚ್ಚಿ ನಿಂತಿರುವುದನ್ನು ಕಂಡು ಆಯಾ ಸಾಬಮ್ಮ, “ಚಿಲಕಾ ಹೋದ್ರ ಹೋಗ್ಲಿ ಬಿಡ್ರಿ ಸರ. ನಾ ಅದೀನಲ್ಲ,” ಎಂದು ಒಳಗಿನಿಂದ ಬಾಗಿಲಿಗೆ ಬೆನ್ನು ಕೊಟ್ಟು ಕೂತು ತೋರಿಸಿದಳು. ಪ್ರಾಣೇಶ ಹೊರಗಿನಿಂದ ಎರಡು ಸಲ ತಳ್ಳಿ ನೋಡಿದ, ಬಾಗಿಲು ಅಲುಗಲಿಲ್ಲ. ಹನ್ನೊಂದಕ್ಕೆ ಕರೆಂಟು ಹೋಗಿ ವಿದ್ಯುತ್ ಗಂಟೆ ಮೂಕವಾಯಿತು. ಅಟ್ಟದ ಮೇಲಿದ್ದ ಹಳೆಯ ಹಿತ್ತಾಳೆ ಗಂಟೆಯನ್ನು ಇಳಿಸುವಷ್ಟರಲ್ಲಿ ಅವನ ಬಿಳಿ ಅಂಗಿ ಮಸಿಬಟ್ಟೆಯಾಯಿತು.

ಹನ್ನೆರಡು ಇಪ್ಪತ್ತಕ್ಕೆ ಅವನೇ ಗಂಟೆ ಬಾರಿಸಿ, ಆಫೀಸಿನೊಳಗೆ ಸೇರಿ ಚಿಲಕ ಹಾಕಿಕೊಂಡ. ಇಡೀ ಶಾಲೆ ತಣ್ಣಗಾಯಿತು. ವಿಶ್ವಜಿತ್ ಬಾಗಿಲಿಂದ ಬಾಗಿಲಿಗೆ ಹೋಗಿ ಪೊಲೀಸ್ ಎಂದ, ಕರೆಂಟಿನವನು ಎಂದ, ಪುಸ್ತಕ ತಂದಿದ್ದೇನೆ ಎಂದ. ಕೊನೆಗೆ ಗಂಟಲು ಒಣಗಿ ನಿಜವಾಗಿಯೇ ನೀರು ಕೇಳಿದ, ಅದೂ ಸಿಗಲಿಲ್ಲ. ಕಿಟಕಿಯ ಸಂದಿಯಿಂದ ನೋಡುತ್ತಿದ್ದ ಪ್ರಾಣೇಶನಿಗೆ ಕಣ್ಣು ತುಂಬಿ ಬಂತು. ಹನ್ನೊಂದು ವರ್ಷದಲ್ಲಿ ತನ್ನ ಮಾತನ್ನು ಇಷ್ಟು ಜನ ಒಟ್ಟಿಗೆ ಕೇಳಿದ್ದನ್ನು ಅವನು ಕಂಡಿರಲಿಲ್ಲ.

ಹದಿನೈದನೇ ನಿಮಿಷಕ್ಕೆ ಕೃಷ್ಣಾಬಾಯಿ ಡಬ್ಬಿ ಹಿಡಿದು ಬಂದರು.

ನೇರವಾಗಿ ಆರನೇ ತರಗತಿಯ ಮುಂದೆ ನಿಂತು, “ಸುಮತೀ, ಬಾಗಲಾ ತಗಿಯವ್ವಾ. ರೊಟ್ಟಿ ಆರತಾವ,” ಎಂದು ಕರೆದರು. ಸುಮತಿ ಟೀಚರ್ ಆ ಚಟ್ನಿಗಾಗಿ ದಿನಾ ಹಾದಿ ಕಾಯುವವಳು. ಅವಳು ತೆರೆದರೆ ಕುರ್ಚಿ ಹೋಯಿತು. ಇನ್ನು ಐದೇ ನಿಮಿಷ ಬಾಕಿ. ಕೃಷ್ಣಾಬಾಯಿ ಇನ್ನೊಮ್ಮೆ ತಟ್ಟಿದರು. ಪ್ರಾಣೇಶನಿಗೆ ಮುಂದೆ ಯೋಚನೆ ಓಡಲಿಲ್ಲ. ಚಿಲಕ ಸರಿಸಿ, ಚಪ್ಪಲಿ ಕೈಯಲ್ಲಿ ಹಿಡಿದು, ತುದಿಗಾಲಲ್ಲಿ ಓಡಿ ಹೋಗಿ ತಾಯಿಯ ಕೈ ಹಿಡಿದ.

ಕಂಬದ ಮರೆಯಿಂದ ವಿಶ್ವಜಿತ್ ಮೊಬೈಲು ಒತ್ತುತ್ತಾ ಹೊರಬಂದ. “ಹದಿನಾರು ನಿಮಿಷ ಆಗೇದ ಸರ್. ತೆರೆದ ಬಾಗಲಾ ಒಂದ. ಆಫೀಸಿಂದು.”

ಸುಮತಿಯ ಬಾಗಿಲು ಮುಚ್ಚಿಯೇ ಇತ್ತು. ಉಳಿದ ಬಾಗಿಲುಗಳೂ ಹಾಗೆಯೇ ಇದ್ದವು.

ಈ ಶಾಲೆಯಲ್ಲಿ ಯಾರ ಮಾತನ್ನು ಯಾರೂ ತಳ್ಳಿಹಾಕುವುದಿಲ್ಲವೋ ಅಂಥವರನ್ನು ಕಳಿಸಿ ನೋಡಬೇಕು ಎಂದು ವಿಶ್ವಜಿತ್ ಹಿಂದಿನ ದಿನವೇ ಕೇಳಿದ್ದನಂತೆ. ಮೇಡಂ ಯೋಚಿಸದೆ ಕೃಷ್ಣಾಬಾಯಿಯ ಹೆಸರು ಹೇಳಿ, ಆಕೆಯನ್ನೂ ಒಪ್ಪಿಸಿದ್ದರಂತೆ. ಮೂರು ಸಲ ಗಂಟೆ ಬಾರಿಸಿದ ಮೇಲೆ ಮೇಡಂ ಬಂದು, ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತಲ್ಲ ಮಾಸ್ತರ ಎಂದು ನೊಂದುಕೊಂಡರು. ರೊಟ್ಟಿಗೂ ಮನಸ್ಸು ಕರಗದ ಸುಮತಿ ಟೀಚರೇ ಆ ಕುರ್ಚಿಗೆ ತಕ್ಕವಳು ಎಂದು ಅಲ್ಲೇ ಹೇಳಿಬಿಟ್ಟರು. ಪ್ರಾಣೇಶನಿಗೆ ಅಳು ಬಂತು, ಮಕ್ಕಳು ನೋಡುತ್ತಿದ್ದರೆಂದು ನುಂಗಿಕೊಂಡ.

ಎಲ್ಲರೂ ಚದುರಿದ ಮೇಲೆ ಕೃಷ್ಣಾಬಾಯಿ ಅವನ ತೋಳು ಹಿಡಿದು ಮೆಲ್ಲಗೆ ಹೇಳಿದರು: “ನಿನ್ನೆ ಶಾಲಿ ಬಿಡೂ ಹೊತ್ತಿಗೆ ಗೇಟಿನ್ಯಾಗ ನಿಂತು ಒಬ್ಬೊಬ್ಬರಿಗೂ ಹೇಳೀನಪಾ. ನಾಳೆ ನಾ ಬಂದು ಎಷ್ಟು ಕರದ್ರೂ ಬಾಗಲಾ ತಗೀಬ್ಯಾಡ್ರಿ, ನನ್ನ ಮಗನ ಕುರ್ಚಿ ಪ್ರಶ್ನೆ ಅದ ಅಂತ. ಆ ಸಾಬಮ್ಮಗೂ ಹೇಳೀನಿ.”

“ಮತ್ತ ನನಗ್ಯಾಕ ಹೇಳಲಿಲ್ಲವ್ವಾ?”

“ನಿನಗೇನು ಹೇಳೂದು? ಆ ನಿಯಮ ಬರದಾಂವ ನೀನ ಅಲ್ಲೇನು?”