ನೋಡುವ ಮನೆಗಳ ಶುಲ್ಕ

ಬಹ್ರೇನ್‌ನ ಗುದೈಬಿಯಾದ ನಮ್ಮ ಕಟ್ಟಡದಲ್ಲಿ ಟಿ.ವಿ. ಇರುವ ಪ್ರತಿಯೊಂದು ಮನೆಯೂ, ಅದನ್ನು ನೋಡಲಿ ಬಿಡಲಿ, 'ಕೂಟವಾಣಿ' ವಾಹಿನಿಗೆ ತಿಂಗಳ ಪರವಾನಗಿ ಶುಲ್ಕ ಕೊಡತಕ್ಕದ್ದು ಎಂಬುದು ಈಗ ಜಾರಿಯಲ್ಲಿರುವ ನಿಯಮ. ಇದಕ್ಕೆ ಯಾರ ವಿರೋಧವೂ ಇಲ್ಲ. ಮೊದಲು ಇತ್ತು. ಅದು ಹೇಗೆ ಹೋಯಿತು ಎಂದು ವಿವರಿಸುವ ಹೊಣೆ ಕರಾವಳಿ ಕನ್ನಡ ಕೂಟದ ಪ್ರಚಾರ ಕಾರ್ಯದರ್ಶಿಯಾದ ನನ್ನದು. ಈ ಹುದ್ದೆಯನ್ನು ನಾನು ಬಯಸಿದ್ದಲ್ಲ. ಆ ದಿನ ಸಭೆಗೆ ತಡವಾಗಿ ಹೋದೆ, ಉಳಿದ ಹುದ್ದೆಗಳೆಲ್ಲ ಖಾಲಿಯಾಗಿದ್ದವು.

ಕೂಟದ ಅಧ್ಯಕ್ಷರು ಹರಿನಾಥ ಅವರು. ಸೀಫ್‌ನ ಕಂಪನಿಯೊಂದರಲ್ಲಿ ಮ್ಯಾನೇಜರ್. ಮಾತನಾಡುವುದೆಂದರೆ ಅವರಿಗೆ ಊಟಕ್ಕಿಂತ ಇಷ್ಟ, ಕೇಳುವವರಿಗೆ ಊಟವೇ ಇಷ್ಟ. ಪ್ರತಿ ಸಮಾರಂಭದಲ್ಲೂ ತಾವು ಮೈಕ್ ಹಿಡಿದ ಕೂಡಲೇ ಸಭಿಕರು ತಲೆ ತಗ್ಗಿಸಿ ಫೋನ್ ನೋಡತೊಡಗುತ್ತಾರೆ ಎಂಬುದನ್ನು ಅವರು ಗಮನಿಸಿದ್ದರು. ಬೇರೆಯವರಾದರೆ ಮಾತು ಕಡಿಮೆ ಮಾಡುತ್ತಿದ್ದರು. ಹರಿನಾಥರು ದೂರದೃಷ್ಟಿಯುಳ್ಳವರು. ಜನ ಫೋನನ್ನೇ ನೋಡುವುದಾದರೆ ಫೋನಿನ ಒಳಗೇ ಹೋಗಿ ಮಾತನಾಡುವುದೆಂದು ತೀರ್ಮಾನಿಸಿದರು.

ಹೀಗೆ ಅವರ ಮಲಗುವ ಕೋಣೆಯಿಂದ ದಿನಾ ರಾತ್ರಿ ಎಂಟಕ್ಕೆ, ಫೋನಿನಲ್ಲೂ ಟಿ.ವಿ.ಯಲ್ಲೂ ಕಾಣುವಂತೆ, ಕೂಟವಾಣಿಯ ನೇರ ಪ್ರಸಾರ ಶುರುವಾಯಿತು. ಸೋಮವಾರ 'ಅಧ್ಯಕ್ಷರ ಮಾತು'. ಮಂಗಳವಾರ 'ಅಧ್ಯಕ್ಷರ ಮಾತು: ಒಂದು ಅವಲೋಕನ'. ಬುಧವಾರ ವೀಕ್ಷಕರ ಪ್ರಶ್ನೆಗಳಿಗೆ ಉತ್ತರ. ಪ್ರಶ್ನೆ ಯಾರೂ ಕಳಿಸದ್ದರಿಂದ ಅಧ್ಯಕ್ಷರೇ ಕೇಳಿಕೊಂಡು, ಕೆಲವಕ್ಕೆ 'ಬಹಳ ಒಳ್ಳೆಯ ಪ್ರಶ್ನೆ' ಎಂದು ಮೆಚ್ಚುಗೆಯನ್ನೂ ಸೂಚಿಸುತ್ತಿದ್ದರು. ಜನರಿಗೆ ಬೇಕಾದ್ದನ್ನು ಖಾಸಗಿ ಆ್ಯಪ್‌ಗಳು ಕೊಡುತ್ತವೆ, ಜನರಿಗೆ ಬೇಕಾಗಬೇಕಾದ್ದನ್ನು ಕೊಡುವುದೇ ಸಾರ್ವಜನಿಕ ಪ್ರಸಾರ ಎಂಬುದು ಅವರ ಸಿದ್ಧಾಂತ. ಇದನ್ನು ನಾನೇ ಪೋಸ್ಟರಿನಲ್ಲಿ ಬರೆದು ಲಿಫ್ಟಿನಲ್ಲಿ ಅಂಟಿಸಿದೆ.

ಸಾರ್ವಜನಿಕ ಪ್ರಸಾರವೆಂದ ಮೇಲೆ ಸಾರ್ವಜನಿಕರ ದುಡ್ಡು ಬೇಕು. ದುಡ್ಡು ಕೇಳುವ ಮೊದಲು ಎಷ್ಟು ಮನೆಯವರು ನೋಡುತ್ತಾರೆ ಎಂದು ತಿಳಿಯಬೇಕು. ಸಮೀಕ್ಷೆಯನ್ನು ಕೂಟದ ಕಾರ್ಯದರ್ಶಿ ವಿಕಾಸ್‌ಗೆ ವಹಿಸಲಾಯಿತು. ವಿಕಾಸ್ ಬೆಂಗಳೂರಿನ ಹುಡುಗ, ನಮ್ಮ ಕಟ್ಟಡಕ್ಕೆ ಹೊಸಬ, ಆದ್ದರಿಂದ ಪ್ರಾಮಾಣಿಕ. ಮೊದಲು ಬಾಗಿಲು ತಟ್ಟಿದ್ದು ನಫೀಸಮ್ಮನವರ ಮನೆಯದ್ದು. ಕೆಳಗೆ ಕೋಲ್ಡ್ ಸ್ಟೋರ್ ಎಂಬ ದಿನಸಿ ಅಂಗಡಿ ನಡೆಸುವ ಆದಂ ಅವರ ಪತ್ನಿ ಇವರು. ಆಗ ಬಂಗುಡೆ ಮೀನು ಕಾಯಿಸುತ್ತಿದ್ದರು.

"ಆಂಟಿ, ಕೂಟವಾಣಿ ನೋಡ್ತೀರಾ?"

"ಹಾಂ, ನೋಡುವ ಮಗ."

ವಿಕಾಸ್ 'ನೋಡುವ ಮನೆ' ಎಂದು ಬರೆದುಕೊಂಡ. ಮೇಲಿನ ಮಹಡಿಯಲ್ಲೂ "ಆಯ್ತು, ನೋಡುವ" ಎಂದರು. ಎದುರು ಮನೆಯವರು "ನೋಡುವ ನೋಡುವ" ಎಂದು ಎರಡು ಸಲ ಹೇಳಿದ್ದರಿಂದ ಅವರನ್ನು ಕಟ್ಟಾ ವೀಕ್ಷಕರೆಂದು ಗುರುತಿಸಿದ. ಇಡೀ ಕಟ್ಟಡವೇ ಕೂಟವಾಣಿ ನೋಡುವ ಮನೆಗಳಿಂದ ತುಂಬಿದೆ ಎಂದು ವರದಿ ಬಂತು.

ನಮ್ಮ ಕಡೆ 'ನೋಡುವ' ಎಂದರೆ 'ನೋಡೋಣ'. 'ನೋಡೋಣ' ಎಂದರೆ ಆಗುವುದಿಲ್ಲ ಎಂದೇ, ಮುಖಕ್ಕೆ ಹೊಡೆದಂತೆ ಹೇಳುವುದು ಬೇಡ ಅಷ್ಟೆ. ಸಾಲ ಕೇಳಿದವರಿಗೆ, ಗೃಹಪ್ರವೇಶಕ್ಕೆ ಕರೆದವರಿಗೆ, ಚೀಟಿಗೆ ಸೇರಿ ಎಂದವರಿಗೆ ನಾವೆಲ್ಲ ಹೇಳುವುದು ಇದನ್ನೇ. ಹರಿನಾಥರಿಗೂ ಇದು ಗೊತ್ತು, ನನಗೂ ಗೊತ್ತು. ಆದರೆ ವರದಿ ಬಹಳ ಚೆನ್ನಾಗಿತ್ತು. ಚೆನ್ನಾಗಿರುವ ವರದಿಯಲ್ಲಿ ವ್ಯಾಕರಣ ಹುಡುಕುವುದು ಸಭ್ಯತೆಯಲ್ಲವೆಂದು ನಾವಿಬ್ಬರೂ ಸುಮ್ಮನಾದೆವು.

ಮುಂದಿನ ವಾರ ನಿಯಮಾವಳಿ ಹೊರಬಿತ್ತು. ನಿಯಮ ಒಂದು: ಗೋಡೆಗೆ ತೂಗುಹಾಕಿದ, ಬೆಳಕು ಬೀರುವ, ಚಪ್ಪಟೆಯಾದ ಯಾವುದೇ ವಸ್ತುವನ್ನು ಟಿ.ವಿ. ಎಂದು ಪರಿಗಣಿಸಲಾಗುವುದು. ನಿಯಮ ಎರಡು: ಶುಲ್ಕ ಟಿ.ವಿ.ಗೇ ಹೊರತು ನೋಡುವುದಕ್ಕಲ್ಲ. ನಿಯಮ ಮೂರು: ಕೂಟವಾಣಿಯ ಜೊತೆಗೆ ಖಾಸಗಿ ಆ್ಯಪ್‌ಗೂ ಚಂದಾ ಕಟ್ಟಿರುವ ಮನೆಯವರು ಕಣ್ಣನ್ನು ಎರಡು ಕಡೆ ಬಳಸುತ್ತಿರುವುದರಿಂದ ಎರಡು ಪಟ್ಟು ಶುಲ್ಕ ಕೊಡತಕ್ಕದ್ದು.

ಆದಂ ಅವರು ಅಂಗಡಿ ಬಿಟ್ಟು ಸಭೆಗೇ ಬಂದರು. ಅವರ ಹಾಲ್‌ನಲ್ಲಿ ಟಿ.ವಿ.ಯ ಪಕ್ಕ ಜಲಪಾತದ ಚಿತ್ರವೊಂದಿದೆ. ಸ್ವಿಚ್ ಹಾಕಿದರೆ ಹಿಂದಿನಿಂದ ಬೆಳಕು ಬಂದು ನೀರು ಹರಿದಂತೆ ಕಾಣುತ್ತದೆ. ಅದಕ್ಕೂ ಶುಲ್ಕ ಬಿದ್ದಿತ್ತು.

"ಅಲ್ಲ ಮಾರಾಯ್ರೆ, ಅದು ಚಿತ್ರ ಅಲ್ವಾ? ಅದರಲ್ಲಿ ನಿಮ್ಮ ಮುಖ ಬರ್ತದಾ?" ಎಂದು ಕೇಳಿದರು.

"ನೀರು ಹರಿಯುವ ಹಾಗೆ ಕಾಣ್ತದೆ ಅಂತ ನೀವೇ ಹೇಳಿದ್ರಿ ಆದಂ ಭಾಯಿ. ಹಾಗಾದ್ರೆ ಅದು ದೃಶ್ಯ ಮಾಧ್ಯಮವೇ," ಎಂದರು ಹರಿನಾಥರು.

"ಆಯ್ತು, ಅದು ಬಿಡಿ. ನನ್ನ ಅಂಗಡಿಯಲ್ಲಿ ಹಾಲು ತಗೊಳ್ಳದವರ ಹತ್ರ ನಾನು ಹಾಲಿನ ದುಡ್ಡು ಕೇಳ್ಲಿಕ್ಕೆ ಆಗ್ತದಾ?"

"ಹಾಲು ಖಾಸಗಿ. ಕುಡಿದವರಿಗೆ ಮಾತ್ರ ಉಪಯೋಗ. ನನ್ನ ಮಾತು ಹಾಗಲ್ಲ, ಕೇಳದವರಿಗೂ ಉಪಯೋಗ."

"ಖಲಾಸ್," ಎಂದು ಎದ್ದು ಹೋದ ಆದಂ ಅವರು ಅಂದೇ ತಮ್ಮ ಮನೆಯ ಆ್ಯಪ್ ಚಂದಾ ನಿಲ್ಲಿಸಿದರು. ಎರಡು ಪಟ್ಟು ಯಾರು ಕೊಡುತ್ತಾರೆ? ಒಂದೊಂದಾಗಿ ಎಲ್ಲ ಮನೆಯವರೂ ನಿಲ್ಲಿಸಿದರು. ಎಲ್ಲರಿಗಿಂತ ಮೊದಲು, ಮಾದರಿಯಾಗಿರಲೆಂದು, ಹರಿನಾಥರು ತಮ್ಮ ಮನೆಯದ್ದನ್ನೇ ನಿಲ್ಲಿಸಿದ್ದರು. ಮನೆಯಾಕೆಯನ್ನು ಕೇಳಿರಲಿಲ್ಲ.

ಮನೆಯಾಕೆ ಎಂದರೆ ಸುಂದರಿಯಕ್ಕ. ಆರು ವರ್ಷದಿಂದ ಅವರು ಆ ಆ್ಯಪ್‌ನಲ್ಲಿ ಒಂದೇ ಒಂದು ಧಾರಾವಾಹಿ ನೋಡುತ್ತಿದ್ದರು. ಊರಿನ ರಾತ್ರಿ ಎಂಟಕ್ಕೆ ಬರುವುದು ಇಲ್ಲಿಗೆ ಸಂಜೆ ಐದೂವರೆಗೆ ಬರುತ್ತದೆ. ಅದರ ನಾಯಕಿ ಅಂಬುಜಾಕ್ಷಿ ದೋಣಿ ಮುಳುಗಿ ಸತ್ತಳೆಂದು ಎಲ್ಲರೂ ನಂಬಿರುತ್ತಾರೆ. ಅವಳು ಬೇರೆ ಹೆಸರಿಟ್ಟುಕೊಂಡು ಬಂದು, ತನ್ನ ಗಂಡನ ಮನೆಯಲ್ಲೇ ಅಡುಗೆಯವಳಾಗಿ ಸೇರಿಕೊಂಡಿರುತ್ತಾಳೆ. ಆರು ವರ್ಷ ಬಡಿಸಿದರೂ ಅತ್ತೆಗೆ ಸೊಸೆಯ ಗುರುತು ಸಿಕ್ಕಿರಲಿಲ್ಲ. ಕೊನೆಯ ಸಂಚಿಕೆಗೆ ಇನ್ನು ನಾಲ್ಕು ದಿನ ಎನ್ನುವಾಗ ಚಂದಾ ನಿಂತಿತ್ತು.

ಸುಂದರಿಯಕ್ಕ ಮದುವೆಯಾಗಿ ಬಹ್ರೇನ್‌ಗೆ ಬಂದ ಹೊಸದರಲ್ಲಿ ಹರಿನಾಥರು ಬೆಳಿಗ್ಗೆ ಹೋದರೆ ಸಂಜೆ ಬರುತ್ತಿದ್ದರು, ಬಂದವರು ಭಾಷಣ ತಯಾರಿಸುತ್ತಿದ್ದರು. ಆಗ ಆ ಮನೆಯಲ್ಲಿ ಕನ್ನಡ ಮಾತನಾಡುತ್ತಿದ್ದವಳು ಅಂಬುಜಾಕ್ಷಿ ಒಬ್ಬಳೇ. ಇದನ್ನು ಸುಂದರಿಯಕ್ಕನೇ ಒಮ್ಮೆ ನನಗೆ ಹೇಳಿದ್ದರು. ಚಂದಾ ನಿಂತ ಸಂಜೆ ಟಿ.ವಿ.ಯ ಮುಂದೆ ರಿಮೋಟ್ ಹಿಡಿದು ಸುಮ್ಮನೆ ಕೂತಿದ್ದ ಅವರನ್ನು ಕಂಡು ನಾನು ಬಾಗಿಲಿನಿಂದಲೇ ಹಿಂದಿರುಗಿದೆ. ನಿಯಮಾವಳಿಯ ಕರಡು ನನ್ನದೇ ಅಕ್ಷರದಲ್ಲಿತ್ತು.

ಸುಂದರಿಯಕ್ಕ ನಫೀಸಮ್ಮನ ಮನೆಗೆ ಓಡಿದರೆ ಅಲ್ಲೂ ಚಂದಾ ಇಲ್ಲ. ಊರಿಗೆ ಫೋನ್ ಮಾಡಿ ಕೇಳೋಣವೆಂದರೆ ತವರಿನವರು ಆ ಧಾರಾವಾಹಿಯನ್ನು ಮೂರನೇ ವರ್ಷಕ್ಕೇ ಬಿಟ್ಟಿದ್ದರು.

ಅತ್ತ ಕೂಟಕ್ಕೆ ಶುಲ್ಕ ಬಂದು ಬಿತ್ತು. ಬಂದದ್ದನ್ನು ಖರ್ಚು ಮಾಡದಿದ್ದರೆ ಸಂಸ್ಥೆಗೆ ಹಣದ ಅಗತ್ಯವಿಲ್ಲವೆಂದು ಅರ್ಥವಾಗುತ್ತದೆ. ಆದ್ದರಿಂದ ಸ್ಪರ್ಧಿಗಳ ಕಾರ್ಯವೈಖರಿಯನ್ನು ಅಧ್ಯಯನ ಮಾಡಲು ಅದೇ ಖಾಸಗಿ ಆ್ಯಪ್‌ಗೆ ಕೂಟದ ಹೆಸರಿನಲ್ಲಿ ಒಂದು ಚಂದಾ ಪಡೆಯಲಾಯಿತು. ಅಧ್ಯಯನ ನಡೆಸುವವರು ಅಧ್ಯಕ್ಷರು. ಸ್ಥಳ, ವಿಕಾಸ್‌ನ ಕೋಣೆ. ಇಡೀ ಕಟ್ಟಡದಲ್ಲಿ ಆ್ಯಪ್ ಉಳಿದದ್ದು ಅಲ್ಲಿ ಮಾತ್ರ.

ಕೊನೆಯ ಸಂಚಿಕೆಯ ದಿನ ಹರಿನಾಥರು ಆಫೀಸಿನಿಂದ ಬೇಗ ಬಂದು ಅಧ್ಯಯನಕ್ಕೆ ಕೂತರು. ನಾನೂ ಸಾಕ್ಷಿಯಾಗಿ ಜೊತೆಗಿದ್ದೆ. ಮುಗಿಸಿಕೊಂಡು ಅವರ ಮನೆಗೆ ಹೋದಾಗ ಸುಂದರಿಯಕ್ಕ ಬಾಗಿಲಲ್ಲೇ ನಿಂತಿದ್ದರು.

"ಹೋಯ್, ಅತ್ತೆಗೆ ಗುರ್ತ ಸಿಕ್ತಾ?"

"ಅಧ್ಯಯನದ ವಿಷಯ ಮನೆಯಲ್ಲಿ ಹೇಳ್ಲಿಕ್ಕೆ ಇಲ್ಲ ಸುಂದರಿ. ಎಂಟಕ್ಕೆ ಕೂಟವಾಣಿಯಲ್ಲಿ ಬರ್ತದೆ."

"ನಾನು ನಿಮ್ಮ ಹೆಂಡ್ತಿ ಅಲ್ವಾ? ಗುರ್ತ ಸಿಕ್ತಾ ಇಲ್ವಾ, ಅಷ್ಟು ಹೇಳಿ."

"ಹೆಂಡ್ತಿಗೆ ಮೊದಲು ಹೇಳಿದ್ರೆ ಪಕ್ಷಪಾತ ಆಗ್ತದೆ. ನಮ್ಮ ಮನೆಯದ್ದೂ ಶುಲ್ಕ ಕಟ್ಟಿ ಆಗಿದೆ. ಹಕ್ಕಿನಿಂದ ನೋಡು."

ಎಂಟಕ್ಕೆ ಹರಿನಾಥರು ಮಲಗುವ ಕೋಣೆಯ ಬಾಗಿಲು ಹಾಕಿಕೊಂಡರು. ಸುಂದರಿಯಕ್ಕ ಹಾಲ್‌ನಲ್ಲಿ ಟಿ.ವಿ. ಹಚ್ಚಿದರು. ನಫೀಸಮ್ಮ ಬಂದರು, ಜಲಪಾತದ ಸಿಟ್ಟು ಇನ್ನೂ ಇಳಿಯದ ಆದಂ ಅವರೂ ಬಂದರು. ಅಂದು ಕಟ್ಟಡದ ಎಲ್ಲ ಮನೆಗಳೂ ಕೂಟವಾಣಿ ನೋಡಿದವು. ವಿಕಾಸ್‌ನ ವರದಿ ಕೊನೆಗೂ ಸರಿಯಾಯಿತು. ಅಧ್ಯಕ್ಷರು ಕನ್ನಡಕ ಸರಿಪಡಿಸಿಕೊಂಡು ಆರಂಭಿಸಿದರು:

"ಮಾನ್ಯ ವೀಕ್ಷಕರೇ, ಸದರಿ ಸಂಚಿಕೆಯಲ್ಲಿ ಅಂಬುಜಾಕ್ಷಿ ಎಂಬ ಮಹಿಳೆಯು ಸಾರು ಬಡಿಸುತ್ತಾರೆ. ಅತ್ತೆಯವರು ಒಂದು ತುತ್ತು ಸ್ವೀಕರಿಸಿ, ಸದರಿ ಮಹಿಳೆಯ ಮುಖವನ್ನು ದೀರ್ಘವಾಗಿ ಅವಲೋಕಿಸುತ್ತಾರೆ. ಅನಂತರ ಬಾಯಿ ತೆರೆಯುತ್ತಾರೆ."

ಹಾಲ್‌ನಲ್ಲಿ ಸುಂದರಿಯಕ್ಕ ಟಿ.ವಿ.ಯ ಧ್ವನಿ ಹೆಚ್ಚಿಸಿದರು.

"ಇಲ್ಲಿಗೆ ಸಂಚಿಕೆ ನಿಲ್ಲುತ್ತದೆ. ಮುಂದಿನ ಭಾಗಕ್ಕೆ ಮೇಲ್ದರ್ಜೆಯ ಚಂದಾ ಕಟ್ಟಬೇಕೆಂದು ಆ್ಯಪ್ ತಿಳಿಸಿದೆ. ಅದಕ್ಕೆ ಸಮಿತಿಯ ಮಂಜೂರಾತಿ ಇಲ್ಲದ ಕಾರಣ ಅತ್ತೆಯವರ ಬಾಯಿ ಸದ್ಯ ತೆರೆದ ಸ್ಥಿತಿಯಲ್ಲೇ ಇದೆ. ವಂದನೆಗಳು."

"ಎಂತ ವಂದನೆ ಇವರದ್ದು!" ಎಂದು ನಫೀಸಮ್ಮ ಎದ್ದೇ ನಿಂತರು. ಆದಂ ಅವರು ತಮ್ಮ ಶುಲ್ಕ ವಾಪಸ್ ಕೇಳಿದರು, ಜಲಪಾತದ್ದು ಬೇರೆಯಾಗಿ. ಸುಂದರಿಯಕ್ಕ ಎದ್ದು ಹೋಗಿ ಕೋಣೆಯ ಬಾಗಿಲು ತಟ್ಟಿದರು. ಹರಿನಾಥರು ಬಾಗಿಲು ತೆರೆದದ್ದೇ, "ಸ್ವಲ್ಪ ಆಚೆ ಸರಿಯಿರಿ," ಎಂದು ಒಳಗೆ ಹೋಗಿ ಅವರ ಕುರ್ಚಿಯಲ್ಲಿ ಕೂತುಬಿಟ್ಟರು. ಪ್ರಸಾರ ಇನ್ನೂ ನಿಂತಿರಲಿಲ್ಲ. ಟಿ.ವಿ.ಯಲ್ಲಿ ಅಧ್ಯಕ್ಷರ ಜಾಗದಲ್ಲಿ ಸುಂದರಿಯಕ್ಕನ ಮುಖ ಬಂತು. ಕಣ್ಣು ಕೆಂಪಾಗಿತ್ತು. ಧ್ವನಿ ಮಾತ್ರ ಸರಿಯಾಗಿತ್ತು.

"ಅತ್ತೆ ಎಂತ ಹೇಳಿದ್ದು ಅಂದ್ರೆ," ಎಂದು ಅವರು ಶುರುಮಾಡಿದರು, "'ಅಂಬುಜಾ, ನೀನು ಬಂದ ಮೊದಲ ದಿನವೇ ನನಗೆ ಗೊತ್ತಾಗಿದೆ. ಸಾರಿನ ಒಗ್ಗರಣೆ ಸುಳ್ಳು ಹೇಳುದಿಲ್ಲ. ಗೊತ್ತುಂಟು ಅಂತ ಹೇಳಿದ್ರೆ ನೀನು ಸೊಸೆ ಆಗ್ತಿ, ಮೇಜಿಗೆ ಬಂದು ಕೂತ್ಕೊಳ್ತಿ. ಮತ್ತೆ ಬಡಿಸುದು ಯಾರು? ಅದಕ್ಕೇ ಆರು ವರ್ಷ ಬಾಯಿ ಮುಚ್ಚಿ ಕೂತೆ.' ಆಗ ಅಂಬುಜಾಕ್ಷಿ ಸೌಟು ಕೆಳಗೆ ಇಟ್ಟಳು. ಕುರ್ಚಿ ಎಳೆದು ಕೂತಳು. ಗಂಡನನ್ನು ನೋಡಿ, 'ಬಡಿಸಿ' ಅಂದಳು. ಅವನು ಬಡಿಸಿದ. ಅಷ್ಟೇ. ಮುಗೀತು."

ನಫೀಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಆದಂ ಅವರು ಜಲಪಾತದ ವಿಷಯ ಎತ್ತಲೇ ಇಲ್ಲ. ಮಹಡಿ ಮೇಲಿನಿಂದ ಯಾರೋ ಚಪ್ಪಾಳೆ ತಟ್ಟಿದ್ದು ಕೇಳಿಸಿತು. ಕೂಟವಾಣಿಯ ಇತಿಹಾಸದಲ್ಲಿ ಅದು ಮೊದಲ ಚಪ್ಪಾಳೆ.

ಮರುದಿನ ತುರ್ತು ಸಭೆ ಸೇರಿತು. ಸುಂದರಿಯಕ್ಕ ಹೇಳಿದ್ದೇ ಅಧಿಕೃತ ಮುಕ್ತಾಯವೆಂದು ಅಂಗೀಕರಿಸಲಾಯಿತು. ಆ್ಯಪ್‌ನ ಚಂದಾ ಅನಗತ್ಯ ವೆಚ್ಚವೆಂದು ರದ್ದಾಯಿತು. 'ಅಧ್ಯಕ್ಷರ ಮಾತು' ಕಾರ್ಯಕ್ರಮವನ್ನು ವೀಕ್ಷಕರ ಕೋರಿಕೆಯ ಮೇರೆಗೆ ಅನಿರ್ದಿಷ್ಟಾವಧಿಗೆ ಮುಂದೂಡಿ, ಮುಗಿದ ಧಾರಾವಾಹಿಯ ಮುಂದಿನ ಸಂಚಿಕೆಗಳನ್ನು ದಿನಾ ಎಂಟಕ್ಕೆ ಸುಂದರಿಯಕ್ಕ ಹೇಳುವುದೆಂದು ನಿರ್ಧರಿಸಲಾಯಿತು. ಹರಿನಾಥರು ಮಾತ್ರ, ಆ ಹೊತ್ತಿಗೆ ರಾತ್ರಿಯ ಅಡುಗೆಯ ಗತಿಯೇನು ಎಂದು ಪ್ರಶ್ನೆ ಎತ್ತಿದರು. ಅಧಿಕೃತ ಮುಕ್ತಾಯದಲ್ಲಿ ಅದಕ್ಕೆ ಉತ್ತರವಿದೆಯೆಂದು ನಾನು ತೋರಿಸಿಕೊಟ್ಟೆ. ಈಗ ಅವರು ಅನ್ನಕ್ಕೆ ನೀರು ಎಷ್ಟೆಂದು ಸರಿಯಾಗಿ ಕಲಿತಿದ್ದಾರೆ. ಸುಂದರಿಯಕ್ಕನಿಂದಲೂ ಶುಲ್ಕ ವಸೂಲಾಗುತ್ತದೆ, ಅವರ ಮನೆಯಲ್ಲೂ ಟಿ.ವಿ. ಇದೆಯಲ್ಲ.

ಶುಕ್ರವಾರ ಒಂದು ಸಣ್ಣ ತೊಡಕು ಬಂತು. ನಫೀಸಮ್ಮನ ತಂಗಿ ಸಫ್ನಾ ಉಳ್ಳಾಲದಿಂದ ಫೋನ್ ಮಾಡಿದರು. ಮೇಲ್ದರ್ಜೆಯ ಚಂದಾ ಕಟ್ಟಿ ಕೊನೆಯ ಭಾಗವನ್ನೂ ನೋಡಿದವರು ಅವರು.

"ಅತ್ತೆಗೆ ಗುರ್ತ ಸಿಕ್ತು ಅಕ್ಕಾ. ಅಂಬುಜಾಕ್ಷಿ ಅತ್ತೆಯ ಕಾಲಿಗೆ ಬಿದ್ದು ಕ್ಷಮೆ ಕೇಳಿ, ಕಣ್ಣೊರೆಸಿಕೊಂಡು, ಪುನಃ ಅಡುಗೆ ಕೋಣೆಗೆ ಹೋದ್ಳು. ಎಲ್ಲರೂ ಅತ್ರು."

ನಫೀಸಮ್ಮನ ಪಕ್ಕದಲ್ಲೇ ಕೂತಿದ್ದ ಸುಂದರಿಯಕ್ಕ ಸ್ಪೀಕರ್‌ನಲ್ಲಿದ್ದ ಫೋನನ್ನು ಹತ್ತಿರ ಎಳೆದುಕೊಂಡರು. ಆಮೇಲೆ ನಿಧಾನವಾಗಿ, "ಪಾಪ, ಇಲ್ಲ ಸಫ್ನಾ, ಹಾಗಲ್ಲ ಅದು," ಎಂದು ನಡೆದದ್ದನ್ನೆಲ್ಲ ವಿವರಿಸಿದರು.

"ಹೌದಾ? ಹಾಗಾದ್ರೆ ನಮಗೆ ಇಲ್ಲಿ ತಪ್ಪು ತೋರ್ಸಿದ್ದಾರೆ," ಎಂದರು ಸಫ್ನಾ.

ಉಳ್ಳಾಲದಲ್ಲಿ ತಪ್ಪು ಪ್ರಸಾರವಾಗಿದೆ ಎಂಬುದನ್ನು ಕೂಟ ಸರ್ವಾನುಮತದಿಂದ ಒಪ್ಪಿಕೊಂಡಿತು. ತಿದ್ದುಪಡಿ ಮಾಡಬೇಕೆಂದು ಆ್ಯಪ್‌ನವರಿಗೆ ನಾನು ಬರೆದಿದ್ದೇನೆ, ಉತ್ತರ ಬಂದಿಲ್ಲ. ಸಫ್ನಾ ತಮ್ಮ ಮನೆಯ ಎರಡು ಟಿ.ವಿ.ಗಳಿಗೂ ಶುಲ್ಕ ಕಳಿಸಿದ್ದಾರೆ. ಅವರ ನೆರೆಮನೆಯವರನ್ನು ವಿಚಾರಿಸಿದಾಗ 'ನೋಡುವ' ಎನ್ನಲಿಲ್ಲ, 'ನೋಡುತ್ತೇವೆ' ಎಂದರು.