ಕಣ್ಣಿನ ಕರಾರು

ಕಂಪ್ಯೂಟರ್ ಮುಂದೆ ಕೂತವನಿಗೆ ಮೊದಲು ಹೋಗುವುದು ಕಣ್ಣು. ಬೆಟಗೇರಿಯ ನಮ್ಮ ಓಣಿಯಲ್ಲಿ ಇದನ್ನು ಯಾರೂ ಅನುಮಾನಿಸಿರಲಿಲ್ಲ. ನಾನೂ ಅನುಮಾನಿಸಿರಲಿಲ್ಲ.

ಹಗಲು ನಾನು ಗ್ರಾಫಿಕ್ಸ್ ಪ್ರೋಗ್ರಾಂ ಬರೆಯುತ್ತೇನೆ, ಅನ್ನ ಅದರದ್ದು. ಸಂಜೆ ಅದೇ ಕುರ್ಚಿಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಎಲೆಕ್ಟ್ರಾನಿಕ್ ಸಂಗೀತ ಮಾಡುತ್ತೇನೆ. ಅದರಿಂದ ಯಾರಿಗೂ ಏನೂ ಸಿಕ್ಕಿಲ್ಲ. ಅಪ್ಪ ಕರಾರು ಹಾಕಿದ್ದರು: "ಚಾಳೀಸಿನ ನಂಬರ್ ಏರಿತಂದ್ರ ಸಂಜಿ ಆಟ ಬಂದ್. ಆ ಡಬ್ಬಿ ಮಾರಿಬಿಡಬೇಕು." ಚಾಳೀಸು ಎಂದರೆ ಕನ್ನಡಕ; ಡಬ್ಬಿ ಎಂದರೆ ನಾನು ಸಂಗೀತ ಮಾಡುವ ಯಂತ್ರ, ಸಿಂಥಸೈಸರ್. ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ. ಒಂದೇ ಕುರ್ಚಿಗೆ ಎರಡು ಕೆಲಸ ಕಟ್ಟಿದರೆ ನಡುವೆ ಏನಾದರೊಂದು ಆಗುತ್ತಲೇ ಇರುತ್ತದೆ.

ನೆರಳು

ಮುಂಡರಗಿಯ ಟೈಲ್ಸ್ ಅಂಗಡಿಯವರಿಗೆ ಒಂದು ಪ್ರೋಗ್ರಾಂ ಬೇಕಿತ್ತು: ಗಿರಾಕಿ ಆರಿಸಿದ ಟೈಲ್ಸ್ ಹಾಸಿದ ಕೋಣೆ ಪರದೆಯ ಮೇಲೆ ಕಾಣಬೇಕು. ಕುರ್ಚಿಯ ಕೆಳಗಿನ ನೆರಳು ನಿಜವೆನಿಸಲೆಂದು ಹದಿನೈದು ಸಂಜೆ ಸಂಗೀತ ಬಿಟ್ಟು ಬರೆದೆ. ಮಾಲಕರು ನೋಡಿದರು.

"ಭಾಳ ಛಲೋ ಆಗೇತ್ರಿ. ಆ ಕಪ್ಪು ಕಲಿ ಒಂದು ಒರಸಿಬಿಡ್ರಿ."

"ಅದು ನೆರಳ್ರಿ."

"ನಿಮಗ ಗೊತ್ತು. ಗಿರಾಕಿ ಹೊಲಸು ಟೈಲ್ಸ್ ಅಂತಾರ."

ಒರೆಸಿದೆ. ಒಂದು ಸಾಲು ಅಳಿಸಿದರೆ ಸಾಕಾಯಿತು.

ಲಾಳಿ

ಒಂದು ಸಂಜೆ ಹೊಸ ಹಾಡನ್ನು ಸ್ಪೀಕರಿನಲ್ಲಿ ಹಾಕಿದೆ. ಪಕ್ಕದ ಮನೆಯ ನೇಕಾರ ಕಾಕಾ ಬಾಗಿಲಿಗೆ ಬಂದರು.

"ಏನ್ಲೇ, ಮಗ್ಗ ಹಾಕೀಯೇನು?"

"ಸಂಗೀತ, ಕಾಕಾ."

"ಹೌದಾ? ಎಡಕಿನ ಪೆಟ್ಟಿಗ್ಯಾಗ ಲಾಳಿ ತಿಕ್ಕಿದಂಗ ಕರಕರ ಅನ್ನಾಕತ್ತೈತಿ. ನಿನಗ ಕೇಳವಲ್ದೇನು?"

ನನಗೆ ಕೇಳಲಿಲ್ಲ. ನಲವತ್ತು ವರ್ಷ ಮಗ್ಗದ ಸದ್ದಿನಲ್ಲಿ ಕೂತವರ ಕಿವಿಯನ್ನು ನಂಬಬಾರದು ಎಂದು ತೀರ್ಮಾನಿಸಿ, ಹಾಡನ್ನು ಹಾಗೆಯೇ ಇಂಟರ್ನೆಟ್ಟಿಗೆ ಏರಿಸಿದೆ. ಏಳು ಜನ ಕೇಳಿದರು. ಮೂವರು ಬರೆದರು: ಎಡಗಡೆ ಕರಕರ.

ಕುಂಯ್

ಆಮೇಲೆ ಕೋಣೆಯಲ್ಲಿ ಸಣ್ಣಗೆ 'ಕುಂಯ್' ಎನ್ನುವ ಸದ್ದು ಶುರುವಾಯಿತು. ರೆಕಾರ್ಡಿಂಗ್ ಮಾಡಗೊಡದು. ಮುಳಗುಂದದಿಂದ ವೈರಿಂಗ್ ಮಿಸ್ತ್ರಿಯನ್ನು ಕರೆಸಿದೆ. ಫ್ಯಾನು ಇಳಿಸಿದರು, ಸ್ವಿಚ್ ಬೋರ್ಡ್ ಬಿಚ್ಚಿದರು, ಕೊನೆಗೆ ಮನೆಯ ಮೇನ್ ಆಫ್ ಮಾಡಿದರು.

"ಈಗ?"

"ಇನ್ನೂ ಐತ್ರಿ."

ಸಾಮಾನು ಚೀಲಕ್ಕೆ ತುಂಬಿಕೊಂಡು ನೇರ ಅಡುಗೆಮನೆಗೆ ಹೋಗಿ ಅವ್ವನಿಗೆ ಹೇಳಿದರು: "ಅಕ್ಕಾರ, ಕರೆಂಟ್ ಬರೋಬರಿ ಐತಿ. ಇವರಿಗೊಂದು ಮದುವಿ ಮಾಡಿಬಿಡ್ರಿ."

ಕೆಳಗಿನ ಸಾಲು

ಈ ವರ್ಷ ಗದಗಿನ ಕಣ್ಣಿನ ಡಾಕ್ಟರ ಹತ್ತಿರ ಅಪ್ಪನೂ ಬಂದರು, ತೀರ್ಪು ಕೇಳಲು. ನನ್ನ ಬಲಕ್ಕೆ ಕೂತರು. ಡಾಕ್ಟರು ಎಡಕ್ಕೆ ನಿಂತು ಮಾಸ್ಕಿನ ಒಳಗಿಂದ ಏನೋ ಅಂದರಂತೆ. ನಾನು ಗೋಡೆಯ ಅಕ್ಷರ ನೋಡುತ್ತ ಸುಮ್ಮನೆ ಕೂತಿದ್ದೆ. ಮತ್ತೆ ಅಂದರಂತೆ. ಮೂರನೆಯ ಸಲಕ್ಕೆ ಅಪ್ಪ ಹಣೆಗೆ ಕೈ ಹಚ್ಚಿದರು.

"ಮುಗೀತು. ದೊಡ್ಡ ಅಕ್ಷರಾನೂ ಕಾಣವಲ್ದು. ಇವತ್ತೇ ಡಬ್ಬಿ ಮಾರೋದು."

"ಓದು ಅಂತ ಯಾರ ಅಂದ್ರು?" ಎಂದೆ.

ಡಾಕ್ಟರು ನನ್ನನ್ನೊಮ್ಮೆ ನೋಡಿ ಬಲಕ್ಕೆ ಬಂದರು. "ಕೆಳಗಿನ ಸಾಲು ಓದ್ರಿ."

ಓದಿದೆ. ಅದರ ಕೆಳಗೆ ಇರುವೆ ಗಾತ್ರದಲ್ಲಿದ್ದ ಪ್ರಿಂಟಿಂಗ್ ಪ್ರೆಸ್ಸಿನ ವಿಳಾಸವನ್ನೂ ಓದಿದೆ.

"ಆತು ಬಿಡು," ಅಂದರು ಅಪ್ಪ, "ಡಬ್ಬಿ ಇಟ್ಕೊ."

ಡಾಕ್ಟರು ಚೀಟಿ ಬರೆದುಕೊಟ್ಟರು, ಬೇರೆ ಡಾಕ್ಟರಿಗೆ. ಕಣ್ಣು ನೆಟ್ಟಗಿದ್ದವು. ಎಡಗಿವಿ ಹೋಗಿತ್ತು.