ಬಂಗುಡೆಗೆ ಬೀಟಾ ತಗುಲಿದ ಭಾನುವಾರ

ಹೊಸದು ಏನೇ ಬರಲಿ, ಅದನ್ನು ಎಲ್ಲರಿಗಿಂತ ಮೊದಲು ನೋಡಬೇಕು ಎನ್ನುವುದು ನನ್ನ ಹುಟ್ಟುಗುಣ. ಮಂಗಳೂರಿನ ಪಕ್ಕದ ತೊಕ್ಕೊಟ್ಟಿನಲ್ಲಿ ಹೊಸ ಹೋಟೆಲು ತೆರೆದರೆ ಉದ್ಘಾಟನೆಯ ದಿನವೇ ಹೋಗಿ, ಇನ್ನೂ ಉಪ್ಪು ಹದಕ್ಕೆ ಬಾರದ ಸಾಂಬಾರು ತಿಂದು ಬರುವವನು ನಾನು. ಹಾಗಿರುವಾಗ ಮೊಬೈಲ್ ಕಂಪೆನಿಯೊಂದು ತನ್ನ ಹೊಸ ಆಪರೇಟಿಂಗ್ ಸಿಸ್ಟಮ್ಮಿನ ಬೀಟಾ ಆವೃತ್ತಿಯನ್ನು ಆಸಕ್ತರಿಗೆ ಮುಂಚಿತವಾಗಿ ಕೊಡುತ್ತದೆ ಎಂದು ಓದಿದ ಮೇಲೆ ಸುಮ್ಮನಿರುವುದು ಹೇಗೆ? ಬಳಸಿ ನೋಡಿ ಮೊದಲ ಅನಿಸಿಕೆಗಳನ್ನು ಬರೆದು ಕಳಿಸಬೇಕಂತೆ. ಅನಿಸಿಕೆ ಹೇಳುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವನಲ್ಲ!

ಒಂದೇ ತೊಡಕು. ನನ್ನ ಮೊಬೈಲ್ ಅದಕ್ಕೆ ಅರ್ಹವಲ್ಲ. ಅದು ಎಷ್ಟು ಹಳೆಯದೆಂದರೆ, ತೋರಿಸಿದರೆ ಕಂಪೆನಿಯವರೇ ಇದು ನಮ್ಮದಲ್ಲ ಎಂದಾರು. ಆದರೆ ಹೆಂಡತಿ ಶಶಿಕಲಾಳ ಮೊಬೈಲ್ ಹೊಸದು, ಸರ್ವಥಾ ಅರ್ಹ. ಗಂಡ ಹೆಂಡತಿಯಲ್ಲಿ ಒಬ್ಬರ ಅರ್ಹತೆ ಇನ್ನೊಬ್ಬರದ್ದೂ ಹೌದು ಎಂದು ನಾನೇ ತೀರ್ಮಾನಿಸಿದೆ.

ಇಲ್ಲಿ ಶಶಿಯ ಉದ್ಯೋಗದ ಬಗ್ಗೆ ಎರಡು ಮಾತು ಹೇಳಬೇಕು. ನಮ್ಮದು ತಲೆತಲಾಂತರದಿಂದ ಕಡಲಿಗೆ ಇಳಿದ ಕುಟುಂಬ. ನಾನೊಬ್ಬ ಮಾತ್ರ ಇಳಿದದ್ದು ವಿಮಾ ಕಚೇರಿಗೆ. ಶಶಿ ಬಿ.ಕಾಂ. ಮುಗಿಸಿದವಳು, ಒಂದಷ್ಟು ಕಾಲ ಲೆಕ್ಕಪತ್ರದ ಕೆಲಸ ಮಾಡಿ, ಬೇಜಾರು ಬಂದು, ಮೀನಿಗೇ ಮರಳಿದಳು. ಮುಂಜಾನೆ ಬಂದರಿನ ದಕ್ಕೆಗೆ ಹೋಗಿ, ದೋಣಿಯಿಂದ ಆಗಷ್ಟೇ ಇಳಿದ ಮೀನನ್ನು ಆರಿಸಿ, ಫೋಟೋ ತೆಗೆದು ತನ್ನ ಗಿರಾಕಿಗಳ ಗ್ರೂಪಿಗೆ ಹಾಕುತ್ತಾಳೆ. ಕಂಕನಾಡಿ, ಕುಲಶೇಖರದ ಮನೆಗಳವರು ಹಾಸಿಗೆಯಲ್ಲೇ ಮಲಗಿ ಆರ್ಡರ್ ಕೊಡುತ್ತಾರೆ. ಫೋಟೋಕ್ಕೆ ಅವಳದೊಂದು ಕಟ್ಟುನಿಟ್ಟಿನ ಕ್ರಮ ಉಂಟು. ಬರೇ ಮೀನು ತೋರಿಸಿದರೆ ಸಾಲದು. ಕಿವಿರನ್ನು ಬೆರಳಲ್ಲಿ ಎತ್ತಿ ಒಳಗಿನ ಕೆಂಪು ಕಾಣುವಂತೆ ತೆಗೆಯಬೇಕು. ಕೆಂಪಗಿದ್ದರೆ ತಾಜಾ, ಬಿಳಿಚಿದ್ದರೆ ಹಳತು. ಅವಳ ಅಮ್ಮ ಬುಟ್ಟಿ ಹೊತ್ತು ಮನೆಮನೆಗೆ ಹೋಗುತ್ತಿದ್ದಾಗಲೂ ಬಾಗಿಲಲ್ಲಿ ಮೊದಲು ಕಿವಿರು ಎತ್ತಿ ತೋರಿಸಿ ಆಮೇಲೆ ಮಾತಾಡುತ್ತಿದ್ದರಂತೆ. ಅಮ್ಮನ ಕಾಲದಿಂದ ಇವತ್ತಿನವರೆಗೆ ಆ ಮನೆಯ ಮೀನನ್ನು ಹಳತು ಎಂದವರಿಲ್ಲ. ಶಶಿಗೆ ಚಿನ್ನಕ್ಕಿಂತ ಹೆಚ್ಚಿನದು ಅದು.

ಶನಿವಾರ ನಮ್ಮಲ್ಲಿ ಮೀನಿಲ್ಲದ ದಿನ. ಆದ್ದರಿಂದ ಮಧ್ಯಾಹ್ನದ ಊಟವಾದ ಮೇಲೆ ಆ ಮೊಬೈಲನ್ನು ವಿನಯಪೂರ್ವಕವಾಗಿ ಕೇಳಿದೆ. (ಮನೆಯಲ್ಲಿ ನಾವಾಡುವುದು ತುಳು. ಕನ್ನಡಕ್ಕೆ ಬರುವಾಗ ಶಶಿಯ ಮಾತಿನ ಖಾರ ಅರ್ಧ ಇಳಿದಿದೆ ಎಂದು ಓದುಗರು ತಿಳಿಯತಕ್ಕದ್ದು.)

"ಬೀಟಾ ಅಂದ್ರೆ ಎಂತ?" ಎಂದಳು.

"ಪೂರ್ತಿ ಆಗುವ ಮೊದ್ಲು ನಮ್ಮಂಥವರಿಗೆ ಕೊಡುದು. ನಾವು ನೋಡಿ ತಪ್ಪು ಹೇಳ್ಬೇಕು."

"ಅಂದ್ರೆ ಅರ್ಧ ಬೆಂದದ್ದು."

"ಹಾಗಲ್ಲ ಮಾರಾಯ್ತಿ, ರುಚಿ ನೋಡ್ಲಿಕ್ಕೆ ಅಂತ..."

"ರುಚಿ ನೋಡ್ಲಿಕ್ಕೆ ನನ್ನ ಮೊಬೈಲೇ ಆಗ್ಬೇಕಾ? ನಾಳೆ ಕುಲಶೇಖರದ ಐರಿನ್ ಟೀಚರ್‌ನ ಅಂಜಲ್ ಮೀನಿನ ಆರ್ಡರ್ ಉಂಟು, ಗೊತ್ತುಂಟಲ್ಲ? ಅವರ ಮಗಳನ್ನು ನೋಡ್ಲಿಕ್ಕೆ ಗಂಡಿನವ್ರು ಊಟಕ್ಕೆ ಬರ್ತಾರೆ. ಎಂತಾದ್ರೂ ಹೆಚ್ಚುಕಮ್ಮಿ ಆದ್ರೆ ನಾನು ನಿಮ್ಮನ್ನು ಬಿಡುದಿಲ್ಲ."

"ನಾನಿದ್ದೇನಲ್ಲ!" ಎಂದೆ. ಈಗ ಯೋಚಿಸಿದರೆ, ಆ ಇಡೀ ದಿನದಲ್ಲಿ ಅತ್ಯಂತ ಅಪಾಯಕಾರಿಯಾದ ಮಾತು ಅದೇ.

ಮೊದಲ ಅನಿಸಿಕೆಗಳು ಅತ್ಯುತ್ತಮವಾಗಿದ್ದವು. ಗಡಿಯಾರ ದೊಡ್ಡದಾಗಿತ್ತು. ಚಿತ್ರಗಳೆಲ್ಲ ಗಾಜಿನ ಹಾಗೆ ಹೊಳೆಯುತ್ತಿದ್ದವು. ಯಾವುದು ಮೊದಲು ಎಲ್ಲಿತ್ತೋ ಈಗ ಅಲ್ಲಿರಲಿಲ್ಲ. ಇದು ಪ್ರಗತಿಯ ಲಕ್ಷಣ. ಮೊಬೈಲ್ ಸ್ವಲ್ಪ ಬಿಸಿಯಾಗುತ್ತಿತ್ತು. ಸ್ವಲ್ಪ ಎಂದರೆ, ಮೇಲೆ ನೀರುದೋಸೆ ಹೊಯ್ಯಬಹುದಾದಷ್ಟು! ಯಾರಾದರೂ ಸಂದೇಶ ಕಳಿಸಿದರೆ ಅದಕ್ಕೆ ತಕ್ಕ ಉತ್ತರವನ್ನು ಮೊಬೈಲೇ ಬರೆದು ಕೆಳಗೆ ತೋರಿಸುತ್ತಿತ್ತು. ಒತ್ತಿದರೆ ಸಾಕು, ಹೋಗುತ್ತದೆ. ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಕ್ಯಾಮೆರಾದ ಹೊಸ ಸೌಲಭ್ಯ. ಮುಖದ ಕಲೆ, ಗೀರು, ಕಣ್ಣಿನ ಕೆಂಪು, ಇವೆಲ್ಲವನ್ನೂ ಅದು ತಾನಾಗಿಯೇ ಅಳಿಸಿ ಫೋಟೋ ಕೊಡುತ್ತದೆ. ಅದನ್ನು ಚಾಲೂ ಮಾಡಿ ಶಶಿಯದ್ದೇ ಒಂದು ಫೋಟೋ ತೆಗೆದೆ. ಮದುವೆಯ ಆಲ್ಬಮಿನಿಂದ ಎದ್ದು ಬಂದವಳಂತೆ ಕಂಡಳು.

"ಇದು ಯಾರು?" ಎಂದು ಕೇಳಿ, ಆದರೂ ಆ ಫೋಟೋವನ್ನು ತಂಗಿಗೆ ಕಳಿಸಿದಳು. ನಾನು ಗೆದ್ದೆ ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ತಾಂತ್ರಿಕ ಸಲಹೆಗಾರನ ನೆಲೆಯಲ್ಲಿ ನಾನೂ ದಕ್ಕೆಗೆ ಹೋದೆ. ಅಂಜಲ್ ಬಂದಿತ್ತು, ಬಂಗುಡೆಯೂ ರಾಶಿ ರಾಶಿ ಇತ್ತು. ಶಶಿ ಆರಿಸಿ ತೆಗೆದು, ಒಂದೊಂದರ ಕಿವಿರೆತ್ತಿ ಹಿಡಿದಳು. ನಾನು ಫೋಟೋ ತೆಗೆದು, ಒಮ್ಮೆಯೂ ಕಣ್ಣು ಹಾಯಿಸದೆ, ಗ್ರೂಪಿಗೆ ಹಾಕಿದೆ. ಹೊಸ ತಂತ್ರಜ್ಞಾನದ ಮೇಲೆ ನಂಬಿಕೆ ಇಡಬೇಕಲ್ಲ!

ಮೊದಲ ಉತ್ತರ ಕಂಕನಾಡಿಯಿಂದ ಬಂತು. "ಶಶಿಯಕ್ಕ, ಇದು ಯಾವ ಮೀನು?"

ಎರಡನೆಯದು: "ಬಂಗುಡೆಯ ಗೀರು ಎಲ್ಲಿ ಹೋಯ್ತು?"

ಮೂರನೆಯದು: "ಕಿವಿರು ಬಿಳಿ ಉಂಟಲ್ಲ. ಯಾವಾಗಿನ ಐಸ್‌ನದ್ದು?"

ಶಶಿ ಮೊಬೈಲ್ ಕಿತ್ತುಕೊಂಡು ನೋಡಿದಳು. ನಾನೂ ಆಗಲೇ ನೋಡಿದ್ದು. ಕ್ಯಾಮೆರಾ ತನ್ನ ಕರ್ತವ್ಯವನ್ನು ನಿಷ್ಠೆಯಿಂದ ಮಾಡಿತ್ತು. ಬಂಗುಡೆಯ ಬೆನ್ನಿನ ಗೀರುಗಳನ್ನು ಮುಖದ ಸುಕ್ಕೆಂದು ಬಗೆದು ಅಳಿಸಿತ್ತು. ಕಿವಿರಿನ ಕೆಂಪನ್ನು ಕಣ್ಣಿನ ಕೆಂಪೆಂದು ತಿಳಿದು ಒರೆಸಿ ಹಾಕಿತ್ತು. ಆಗಷ್ಟೇ ಕಡಲಿನಿಂದ ಬಂದ ಮೀನು ವಾರದಿಂದ ಪೆಟ್ಟಿಗೆಯಲ್ಲಿ ಮಲಗಿದ್ದ ಹಾಗೆ ಕಾಣುತ್ತಿತ್ತು.

ಅಷ್ಟರಲ್ಲಿ ಐರಿನ್ ಟೀಚರ್ ಬರೆದರು: "ಶಶಿ, ನನಗೆ ಅಂಜಲ್ ಬೇಡ. ಕೋಳಿ ತರಿಸ್ತೇನೆ."

ಕೋಳಿ! ಮಂಗಳೂರಿನ ಮೀನಿನವರಿಗೆ ಇದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ. ಶಶಿಯ ಮುಖ ಸಣ್ಣದಾಯಿತು.

"ನಿಮ್ಮ ಮಂಡೆ ಸಮ ಉಂಟಾ? ಅದನ್ನು ತೆಗೀರಿ ಮೊದ್ಲು!"

ತೆಗೆಯಲು ಹೊರಟೆ. ಚಾಲೂ ಮಾಡಿದ ಗುಂಡಿ ನಿನ್ನೆ ಇದ್ದ ಜಾಗದಲ್ಲಿ ಇವತ್ತು ಇರಲಿಲ್ಲ. ಹಳೆಯ ಆವೃತ್ತಿಗೆ ಹಿಂತಿರುಗೋಣವೆಂದರೆ, ಹಾಗೆ ಮಾಡಿದಲ್ಲಿ ಮೊಬೈಲಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ ಎಂದು ಅದು ಸವಿನಯವಾಗಿ ತಿಳಿಸಿತು. ಆಗ ನನಗೊಂದು ಮಹತ್ತರವಾದ ಉಪಾಯ ಹೊಳೆಯಿತು. ಹೋದ ಕೆಂಪನ್ನು ನಾವೇ ಮರಳಿ ತರಬಹುದಲ್ಲ? ಫೋಟೋ ತಿದ್ದುವಲ್ಲಿಗೆ ಹೋಗಿ ಕೆಂಪು ಬಣ್ಣವನ್ನು ಒಂದಿಷ್ಟು ಏರಿಸಿದೆ. ಸಾಲದೆನಿಸಿತು. ಇನ್ನಷ್ಟು ಏರಿಸಿ, ಶಶಿ ನೋಡುವ ಮೊದಲೇ ಗ್ರೂಪಿಗೆ ಹಾಕಿಬಿಟ್ಟೆ.

ಕಿವಿರೇನೋ ಕೆಂಪಾಯಿತು. ಜೊತೆಗೆ ಐಸೂ ಕೆಂಪು, ನೆಲವೂ ಕೆಂಪು, ಶಶಿಯ ಕೈಯಂತೂ ಕುಂಕುಮದ ಡಬ್ಬಿಯಿಂದ ಎದ್ದು ಬಂದಂತಿತ್ತು.

ಗ್ರೂಪಿನಲ್ಲಿ ಐರಿನ್ ಟೀಚರೇ ಮೊದಲು ಕೇಳಿದರು: "ಮೀನಿಗೆ ಬಣ್ಣ ಹಾಕಿದ್ದಾ?"

ಇಲ್ಲವೆಂದು ಬರೆಯಲು ಹೋದೆ. ಶಶಿಯ ಕೈಯಿಂದ ಮೊಬೈಲಿಗೆ ಮೀನಿನ ಲೋಳೆ ಮೆತ್ತಿತ್ತು, ಬೆರಳು ಜಾರಿತು. ಆ ಹೊತ್ತಿಗೆ ಸರಿಯಾಗಿ ಮೊಬೈಲು ತಾನೇ ಸಿದ್ಧಪಡಿಸಿದ ಉತ್ತರವನ್ನು ನನ್ನ ಬೆರಳಿನ ಅಡಿಗೇ ತಂದಿಟ್ಟಿತ್ತು. ಅದೇ ಹೋಯಿತು.

"ಹೌದು, ಧನ್ಯವಾದಗಳು!"

ಅಳಿಸೋಣವೆಂದರೆ ಮೊಬೈಲ್ ಕಪ್ಪಾಗಿ, ಕಂಪೆನಿಯ ಚಿಹ್ನೆ ತೋರಿಸಿ, ಗರಗರನೆ ಒಂದು ಚಕ್ರ ತಿರುಗಿಸುತ್ತಾ ಕುಳಿತಿತು. ಶಶಿಯ ಹೆಸರಿನಲ್ಲಿ, ಶಶಿಯ ಗ್ರೂಪಿನಲ್ಲಿ, ಬಣ್ಣ ಹಾಕಿದ್ದು ಹೌದೆಂಬ ತಪ್ಪೊಪ್ಪಿಗೆ ಧನ್ಯವಾದ ಸಮೇತ ಕುಲಶೇಖರದ ಅಡುಗೆಮನೆಗಳಲ್ಲಿ ಓಡಾಡುತ್ತಿತ್ತು.

ಶಶಿ ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಸುಮ್ಮನೆ ಮೀನಿನ ಪೆಟ್ಟಿಗೆಯನ್ನು ನೋಡುತ್ತಾ ನಿಂತಳು, ಕಣ್ಣಲ್ಲಿ ನೀರಿತ್ತು. ಆಗ ನನಗೆ ನಿಜಕ್ಕೂ ಹೆದರಿಕೆಯಾಯಿತು. "ನನ್ನ ಮೊಬೈಲಿನಿಂದ ಫೋನ್ ಮಾಡುವ" ಎಂದೆ.

"ನಂಬರ್ ಎಲ್ಲ ಅದ್ರೊಳಗೆ ಉಂಟು. ನನಗೆ ಬಾಯಿಗೆ ಬರುದಿಲ್ಲ." ಸೆರಗಿನಿಂದ ಕಣ್ಣೊರೆಸಿಕೊಂಡು ಅಂಜಲನ್ನು ಎತ್ತಿ ನನ್ನ ಕೈಗೆ ಕೊಟ್ಟಳು. "ಆದ್ರೆ ಮನೆ ಎಲ್ಲರದ್ದೂ ಗೊತ್ತುಂಟು. ಹಿಡ್ಕೊಳ್ಳಿ. ಪೆಟ್ಟಿಗೆ ಮುಂದೆ ಇಡುವ, ಸ್ಕೂಟರ್ ನಾನು ಬಿಡ್ತೇನೆ."

ಹೀಗೆ, ಜನ್ಮದಲ್ಲಿ ಮೀನನ್ನು ಬಟ್ಟಲಿನಲ್ಲಿ ಮಾತ್ರ ಮುಟ್ಟಿದ್ದ ವಿಮಾ ಕಚೇರಿಯ ನೌಕರನೊಬ್ಬ, ತೋಳುದ್ದದ ಅಂಜಲನ್ನು ಮಗುವಿನಂತೆ ಎದೆಗವಚಿಕೊಂಡು ಬಂದರಿನಿಂದ ಕುಲಶೇಖರದವರೆಗೆ ಹಿಂದಿನ ಸೀಟಿನಲ್ಲಿ ಪ್ರಯಾಣ ಮಾಡಿದ. ಸಿಗ್ನಲಿನಲ್ಲಿ ಪಕ್ಕಕ್ಕೆ ನಿಂತ ಬಸ್ಸಿನವರು ಕಿಟಕಿಯಿಂದ ಬಗ್ಗಿ ದರ ಕೇಳಿದರು. ನಾನು ಗಂಭೀರವಾಗಿ ಮುಂದೆ ನೋಡಿದೆ.

ಐರಿನ್ ಟೀಚರ್ ಗೇಟಿನ ಒಳಗೇ ನಿಂತರು. ಅವರು ನಿವೃತ್ತರಾಗಿ ಎಷ್ಟೋ ಕಾಲವಾದರೂ ಆ ನೋಟ ಕ್ಲಾಸಿನದ್ದೇ.

"ಬಣ್ಣ ಹಾಕಿಲ್ಲ ಟೀಚರ್," ಎಂದೆ ನಾನು, ಶಶಿಗಿಂತ ಮೊದಲೇ. "ಬೀಟಾ ಹಾಕಿದ್ದು."

"ಅದೆಂತ, ಕೆಮಿಕಲಾ?"

ವಿವರಿಸುವ ಬದಲು ತೋರಿಸುವುದೇ ಮೇಲೆಂದು, ಶಶಿ ಮಾಡುವ ಹಾಗೆ ಠೀವಿಯಿಂದ ಕಿವಿರೆತ್ತಲು ಹೋದೆ. ಕಿವಿರು ಹುಡುಕುತ್ತಾ ನನ್ನ ಬೆರಳು ಬಾಯಿಯೊಳಗೆ ಹೊಕ್ಕಿತು. ಅಂಜಲಿಗೆ ಹಲ್ಲು ಎಷ್ಟು ಹರಿತವೆಂದು ನನಗೆ ಯಾರೂ ಹೇಳಿರಲಿಲ್ಲ! ಕಿರುಚಿದೆ. ಬೆರಳು ಎಳೆದೆ. ರಕ್ತ ಮೀನಿನ ಕೆನ್ನೆಯ ಮೇಲೆಲ್ಲ ಹರಿಯಿತು.

ಐರಿನ್ ಟೀಚರ್ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. "ಈ ಕೆಂಪು ಮೀನಿನದ್ದಾ, ನಿಮ್ಮದಾ?"

ಶಶಿಗೆ ತಡೆಯಲಾಗಲಿಲ್ಲ. ಗೇಟಿಗೆ ಒರಗಿ ನಗಲು ಶುರು ಮಾಡಿದಳು. ನಗುತ್ತಲೇ ಮೀನನ್ನು ಇಸಿದುಕೊಂಡು, ಇನ್ನೊಂದು ಬದಿಯ ಕಿವಿರೆತ್ತಿ ಹಿಡಿದಳು. ಒಳಗೆ ಕೆಂಪು ಕೆಂಪಾಗಿತ್ತು. ಟೀಚರ್ ಹತ್ತಿರ ಬಂದು ಮೀನಿನ ಮೈ ಒತ್ತಿ ನೋಡಿ, ಮೂಸಿ ನೋಡಿ, "ಒಳ್ಳೆದುಂಟು ಶಶಿ. ನಾನು ಸುಮ್ಮನೆ ಹೇಳಿದೆ. ಕತ್ತರಿಸಿ ಕೊಡು, ಫ್ರೈಗೆ" ಎಂದರು. ಶಶಿಯ ಮುಖ ಅರಳಿದ್ದನ್ನು ನೋಡಿ ನನ್ನ ಬೆರಳಿನ ನೋವು ಅರ್ಧ ಮರೆತುಹೋಯಿತು. ಉಳಿದರ್ಧಕ್ಕೆ ಟೀಚರ್ ಅರಿಶಿನ ತಂದು ಹಚ್ಚಿ, ಬಟ್ಟೆ ಕಟ್ಟಿದರು. ಆಮೇಲೆ ತಮ್ಮ ಮೊಬೈಲ್ ತೆಗೆದು ಗ್ರೂಪಿಗೆ ಒಂದು ಧ್ವನಿ ಸಂದೇಶ ಬಿಟ್ಟರು. ಮಕ್ಕಳಿಗೆ ಉಕ್ತಲೇಖನ ಕೊಡುವವರ ಹಾಗೆ ಬಿಡಿಸಿ ಬಿಡಿಸಿ ಹೇಳಿದರು: "ಶಶಿಯ ಮೀನು ನಾನು ಕಣ್ಣಾರೆ ನೋಡಿದೆ. ಫ್ರೆಶ್ ಉಂಟು. ಬಣ್ಣ ಇಲ್ಲ. ಮೇಲೆ ಇದ್ದದ್ದು ಅವಳ ಗಂಡನ ರಕ್ತ."

ಆ ಭಾನುವಾರ ಶಶಿಯ ಪೆಟ್ಟಿಗೆ ಹಿಂದೆಂದಿಗಿಂತ ಬೇಗ ಖಾಲಿಯಾಯಿತು. ಕೆಲವರು ಮೀನಿಗೆ, ಕೆಲವರು ನನ್ನ ಬೆರಳು ನೋಡಲಿಕ್ಕೆ ತಂತಮ್ಮ ಗೇಟಿಗೆ ಬಂದರು. ಮಧ್ಯಾಹ್ನ ಮೊಬೈಲ್ ತಾನಾಗಿಯೇ ಎಚ್ಚರವಾದಾಗ ಕ್ಯಾಮೆರಾದ ಆ ಸೌಲಭ್ಯವೇ ಮಾಯವಾಗಿತ್ತು. ಯಾಕೆಂದು ಕಂಪೆನಿಗೂ ಗೊತ್ತಿರಲಿಕ್ಕಿಲ್ಲ.

ಅಂದಿನಿಂದ ಶಶಿ ಹೊಸ ನಿಯಮ ಮಾಡಿದ್ದಾಳೆ. ಭಾನುವಾರ ಮೊಬೈಲ್ ಅವಳ ಕೈಯಲ್ಲಿ, ಮೀನು ನನ್ನ ಕೈಯಲ್ಲಿ. ಕಿವಿರು ಎಲ್ಲಿದೆ, ಬಾಯಿ ಎಲ್ಲಿದೆ ಎಂದು ಈಗ ಕಲಿತಿದ್ದೇನೆ. ಮೊದಲ ಸಲ ನಾನು ಎತ್ತಿ ಹಿಡಿದ ಫೋಟೋ ಗ್ರೂಪಿಗೆ ಹೋದಾಗ, ಗಿರಾಕಿಗಳು ಎಂತ ಹೇಳುತ್ತಾರೋ ಎಂದು ಶಶಿಯ ಭುಜದ ಮೇಲಿಂದ ಇಣುಕಿ ಕಾದೆ. ಐರಿನ್ ಟೀಚರ್ ಎಲ್ಲರಿಗಿಂತ ಮೊದಲು ತಮ್ಮ ಅನಿಸಿಕೆ ಬರೆದರು:

"ಮೀನು ಫ್ರೆಶ್ ಉಂಟು. ಕೈ ಸ್ವಲ್ಪ ಹಳೆಯದು."